ನಾಯಿಮನೆ ನೋಡಲು ಲಂಡನ್ನಿಗೆ

ಹೀಥ್ರೂ

ಲಂಡನ್ನಿಗೆ ಹೋಗಿ ಬಂದೆ ಎಂದರೆ ನಮ್ಮವರು ಮೊದಲು ಕೇಳುವುದು ಅರಮನೆ ನೋಡಿದಿರಾ ಎಂದು. ಇಲ್ಲ. ಗಡಿಯಾರದ ಗೋಪುರ? ಬಸ್ಸಿನ ಕಿಟಕಿಯಿಂದ ಅರ್ಧ ಕಂಡಿತು, ಉಳಿದರ್ಧಕ್ಕೆ ಮುಂದೆ ಕೂತವನ ಟೋಪಿ ಅಡ್ಡ ಬಂತು. ಹಾಗಾದರೆ ಎರಡು ವಾರ ಏನು ನೋಡಿದಿರಿ? ನಾಯಿಮನೆ ನೋಡಿದೆ ಅಂದರೆ ನಗುತ್ತಾರೆ. ನಗುವಂಥದ್ದು ಅಲ್ಲಿ ಹೆಚ್ಚೇನೂ ನಡೆಯಲಿಲ್ಲ. ಬಂದು ಇಷ್ಟು ತಿಂಗಳಾದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪಶುವೈದ್ಯೆ. ಊರು ವಿಜಯಪುರ, ಓದಿದ್ದು ಬೀದರ, ಕೆಲಸ ಬೆಂಗಳೂರಿನ ಹೊರವಲಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ಹೊಸದೊಂದು ಯೋಜನೆ ಶುರುವಾಗಿತ್ತು. ಬೀಗಲ್ ಜಾತಿಯ ನಾಯಿಗಳನ್ನು ನಾವೇ ಮರಿ ಮಾಡಿಸಬೇಕು. ಕೆಲವಕ್ಕೆ ಅಲ್ಪ ಪ್ರಮಾಣದ ವಿಕಿರಣ ಕೊಡಬೇಕು, ಕೆಲವಕ್ಕೆ ಕೊಡಬಾರದು. ಆಮೇಲೆ ಎಲ್ಲವನ್ನೂ ಸಾಯುವವರೆಗೆ ಸಾಕಿ, ಯಾವುದು ಹೇಗೆ ಮುದಿಯಾಗುತ್ತದೆ, ಯಾವುದರ ಕಣ್ಣು ಮೊದಲು ಹೋಗುತ್ತದೆ, ಯಾವುದಕ್ಕೆ ಗಡ್ಡೆ ಬೆಳೆಯುತ್ತದೆ ನೋಡಬೇಕು. ಒಂದು ನಾಯಿಯ ಇಡೀ ಆಯುಷ್ಯ ನಮ್ಮ ಗೋಡೆಯೊಳಗೇ ಕಳೆಯುತ್ತದೆ. ಹಾಗಾಗಿ ಗೋಡೆ ಹೇಗಿರಬೇಕು ಎಂದು ಕಲಿಯಲು ನನ್ನನ್ನು ಲಂಡನ್ನಿಗೆ ಕಳಿಸಿದರು. ಅಲ್ಲಿನ ಒಂದು ಸಂಸ್ಥೆ ಈ ಯೋಜನೆಯಲ್ಲಿ ನಮ್ಮ ಪಾಲುದಾರ ಆಗುವುದಿತ್ತು. ಅವರೇ ಪ್ರಯೋಗದ ನಾಯಿಗಳನ್ನು ಇಡುವ ಬಗ್ಗೆ ತರಬೇತಿಯನ್ನೂ ಕೊಡುತ್ತಿದ್ದರು. ನನ್ನ ಜೊತೆ ಹೊರಟವರು ನಮ್ಮ ಡೈರೆಕ್ಟರ್ ಡಾ. ಸುಧೀಂದ್ರ. ಮೈಸೂರಿನವರು, ಮೆತ್ತಗೆ ಮಾತಾಡುವವರು. ಅವರು ದನಿ ಏರಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಹೀಥ್ರೂದಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹೊರಬಾಗಿಲ ಕಡೆ ಹೊರಟಾಗ ಕಂದು ಬಿಳಿ ಬಣ್ಣದ ಒಂದು ಸ್ಪ್ಯಾನಿಯಲ್ ನಾಯಿ ಬಂದು ನನ್ನ ಪೆಟ್ಟಿಗೆಯ ಪಕ್ಕ ಜಾಣನಂತೆ ಕೂತಿತು. ಹಿಂದೆಯೇ ಅದರ ಹಗ್ಗ ಹಿಡಿದ ಹೆಂಗಸು. ಪೆಟ್ಟಿಗೆ ತೆರೆಸಿದರು. ಹಾಲಿನ ಪದಾರ್ಥ ಒಳಗೆ ತರುವಂತಿಲ್ಲವಂತೆ. ನನಗೆ ಆಶ್ರಯ ಕೊಡುವ ಮನೆಗೆಂದು ತಂದಿದ್ದ ಧಾರವಾಡ ಪೇಢೆಯ ಡಬ್ಬಿ ಕಸದ ತೊಟ್ಟಿಗೆ ಹೋಯಿತು. ಜನ ನಿಂತು ನೋಡುತ್ತಿದ್ದರು. ಡೈರೆಕ್ಟರ್ ಸಾಹೇಬರು ಮಾತ್ರ ಆಚೆ ಗೋಡೆಯ ಮೇಲಿನ ಕೈಗಡಿಯಾರದ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ನಾನು ಯಾರೆಂದೇ ಅವರಿಗೆ ಗೊತ್ತಿರಲಿಲ್ಲ.

ನಾನು ಬಗ್ಗಿ ನಾಯಿಯ ಎಡಗಿವಿ ಎತ್ತಿ ನೋಡಿದೆ. ಒಳಗೆ ಕೆಂಪಾಗಿತ್ತು. "ಇದಕ್ಕೆ ಕಿವಿ ತುರಿಸುತ್ತಿದೆ, ತೋರಿಸಿ," ಎಂದೆ. ಹೆಂಗಸು ಮೊದಲು ಗಾಬರಿಯಾಗಿ, ಆಮೇಲೆ ಥ್ಯಾಂಕ್ಸ್ ಹೇಳಿದಳು. ಪೇಢೆ ಹೋದರೂ ಲಂಡನ್ನಿನ ಮೊದಲ ಪರಿಚಯ ಚೆನ್ನಾಗಿಯೇ ಆಯಿತು ಅನ್ನಿಸಿತು.

ಹೊರಗೆ ಬಂದಮೇಲೆ ಡೈರೆಕ್ಟರ್ ಅಂದರು, "ಮೇಡಂ, ನಾವು ಸಂಸ್ಥೆಯ ಪ್ರತಿನಿಧಿಗಳು. ಪೇಢೆ ಗೀಢೆ ಎಲ್ಲ ತರಬಾರದು."

ಈಸ್ಟ್ ಹ್ಯಾಮ್

ಡೈರೆಕ್ಟರ್ ಕೆಂಟನ್‌ನಲ್ಲಿ ತಮ್ಮ ಷಡ್ಡಕರ ಮನೆಗೆ ಹೋದರು. ನಾನು ಟ್ಯೂಬ್ ಎನ್ನುವ ನೆಲದಡಿಯ ರೈಲು ಹಿಡಿದು ಊರಿನ ಇನ್ನೊಂದು ತುದಿಗೆ, ಈಸ್ಟ್ ಹ್ಯಾಮ್‌ಗೆ. ಸಹೋದ್ಯೋಗಿಯೊಬ್ಬರು ಗೊತ್ತು ಮಾಡಿಕೊಟ್ಟ ಮನೆ. ಯಜಮಾನತಿ ಫಿಲೋಮಿನಾ, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಗಂಡ ಇಲ್ಲ, ಮಗಳು ಬೇರೆ ಊರಿನಲ್ಲಿ. ಕನ್ನಡ ಆಡಿ ಎಷ್ಟೋ ವರ್ಷವಾಗಿದ್ದರೂ ಅದು ಅವರ ಬಾಯಲ್ಲಿ ತುಕ್ಕು ಹಿಡಿದಿರಲಿಲ್ಲ.

"ನಾಯಿಗೆ ಮನೆ ಕಟ್ಟುದು ಕಲೀಲಿಕ್ಕೆ ಇಷ್ಟು ದೂರ ಬಂದದ್ದಾ?" ಎಂದು ಬಾಗಿಲಲ್ಲೇ ಕೇಳಿದರು. "ನನಗೆ ನಾಯಿ ಅಂದ್ರೆ ಜೀವ ಹೋಗ್ತದೆ ಮಾರಾಯ್ತಿ. ಸಣ್ಣವಳಿರುವಾಗ ಕಚ್ಚಿದ್ದು, ಹೊಕ್ಕುಳಿನ ಸುತ್ತ ಇಂಜೆಕ್ಷನ್."

ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟಿನಲ್ಲಿ ನಡೆಯುತ್ತಿದ್ದರೆ ಪರದೇಶ ಅನ್ನಿಸುವುದು ಚಳಿ ಒಂದರಿಂದಲೇ. ದೋಸೆ ಹೋಟೆಲು, ಸೀರೆ ಅಂಗಡಿ, ಗಾಜಿನ ಹಿಂದೆ ಕಾಂಚೀವರಂ ಉಟ್ಟು ನಿಂತ ಬಿಳಿಚರ್ಮದ ಬೊಂಬೆ. ಒಂದು ಬೆಳಿಗ್ಗೆ ನಾನು ಜೋಳದ ರೊಟ್ಟಿ ಬಡಿಯಲು ಕೂತೆ. ಹಿಟ್ಟು ಹೀಥ್ರೂ ನಾಯಿಯ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲ ರೊಟ್ಟಿಯನ್ನು ಉರಿಯ ಮೇಲೆ ಹಾಕಿದ್ದೇ ತಡ, ಸೂರಿನಲ್ಲಿದ್ದ, ಹೊಗೆ ಕಂಡರೆ ಕೂಗುವ ಯಂತ್ರ ಕಿರುಚತೊಡಗಿತು. ಫಿಲೋಮಿನಾ ಅಕ್ಕ ಸ್ಟೂಲ್ ಹತ್ತಿ ಟವೆಲ್ ಬೀಸಿದರು, ನಾನು ಕಿಟಕಿ ತೆಗೆದೆ, ಪಕ್ಕದ ಮನೆಯ ನಾಯಿ ಬೊಗಳಿತು, ಅಕ್ಕ ಸ್ಟೂಲಿನ ಮೇಲೆಯೇ ಶಿಲುಬೆಯ ಗುರುತು ಮಾಡಿಕೊಂಡರು. ರೊಟ್ಟಿ ಮಾತ್ರ ಚೆನ್ನಾಗಿ ಉಬ್ಬಿತ್ತು.

ಅವರಿಗೆ ನನ್ನ ಯೋಜನೆಯ ಬಗ್ಗೆ ಎಷ್ಟು ಬೇಕೋ ಅಷ್ಟೇ ಹೇಳಿದ್ದೆ. ವಿಕಿರಣದ ಮಾತು ಎತ್ತಿರಲಿಲ್ಲ.

ಬೋರ್ಡಿಲ್ಲದ ಕಟ್ಟಡ

ತರಬೇತಿ ನಡೆಯುವ ಜಾಗ ಲಂಡನ್ನಿನ ದಕ್ಷಿಣದ ಅಂಚಿನಲ್ಲಿತ್ತು. ಎಲ್ಲಿ ಎಂದು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಪ್ರಾಣಿಪ್ರಿಯರು ಬಂದು ಗಲಾಟೆ ಮಾಡುತ್ತಾರೆಂಬ ಭಯಕ್ಕೆ ಕಟ್ಟಡಕ್ಕೆ ಬೋರ್ಡಿಲ್ಲ. ಕಲಿಸುವ ಹೆಲೆನ್ ಎಂಬಾಕೆ ಮೊದಲ ದಿನವೇ ಹೇಳಿದ್ದಳು, ಟ್ಯಾಕ್ಸಿಯವರಿಗೆ ಮುಂದೆ ಗಿಡ ಮಾರುವ ಗಾರ್ಡನ್ ಸೆಂಟರಿನ ವಿಳಾಸ ಕೊಡಿ, ಅಲ್ಲಿಂದ ನಡೆದು ಬನ್ನಿ.

ಅಲ್ಲಿಗೆ ಹೋಗುವ ರೈಲಿನಲ್ಲಿ ದಿನಾ ಒಂದು ತಮಾಷೆ ನೋಡುತ್ತಿದ್ದೆ. ಲಂಡನ್ನಿನ ಜನ ಎದುರು ಕೂತ ಮನುಷ್ಯನ ಮುಖ ನೋಡುವುದಿಲ್ಲ. ಆದರೆ ನಾಯಿಯೊಂದು ಹತ್ತಿದರೆ ಇಡೀ ಡಬ್ಬಿಯೇ ನಗುತ್ತದೆ. ನಾಯಿಗೆ ಸ್ವೆಟರು, ನಾಯಿಗೆ ಮಳೆ ಅಂಗಿ. ಅದರ ಹೆಸರು ಕೇಳುತ್ತಾರೆ, ವಯಸ್ಸು ಕೇಳುತ್ತಾರೆ. ನಮ್ಮ ವಿಜಯಪುರದ ಓಣಿಯಲ್ಲಿ ನಾಯಿಗೆ ಕಲ್ಲೂ ಬೀಳುತ್ತದೆ, ರೊಟ್ಟಿಯೂ ಬೀಳುತ್ತದೆ, ಎರಡೂ ಎಲ್ಲರ ಕಣ್ಣೆದುರಿಗೇ. ಇಲ್ಲಿ ಮುದ್ದು ರೈಲಿನಲ್ಲಿ, ಉಳಿದದ್ದು ಬೋರ್ಡಿಲ್ಲದ ಕಟ್ಟಡದಲ್ಲಿ. ಸಿಟ್ಟು ಬಂತು. ನಮ್ಮ ಸಂಸ್ಥೆಗೂ ಬೋರ್ಡಿಲ್ಲ ಎಂಬುದು ನೆನಪಾಗಿ ಇನ್ನಷ್ಟು ಬಂತು.

ಬೀಗಲ್ ನಾಯಿಯನ್ನೇ ಯಾಕೆ ಆರಿಸುತ್ತಾರೆ ಎಂದು ಓದುಗರು ಕೇಳಬಹುದು. ಹದವಾದ ಗಾತ್ರ, ಗಟ್ಟಿ ಆರೋಗ್ಯ. ಅದಕ್ಕಿಂತ ಮುಖ್ಯ, ಅದು ಕಚ್ಚುವುದಿಲ್ಲ. ಸೂಜಿ ಚುಚ್ಚಿದ ಕೈಯನ್ನೇ ಮರುದಿನ ನೆಕ್ಕುತ್ತದೆ. ಒಳ್ಳೆಯ ಸ್ವಭಾವ ಎಂಬ ಒಂದೇ ತಪ್ಪಿಗೆ ಅದು ಒಳಗಿದೆ.

ಸ್ನಾನ ಮಾಡಿ, ಅವರು ಕೊಟ್ಟ ಬಟ್ಟೆ, ರಬ್ಬರ್ ಬೂಟು ತೊಟ್ಟು ಒಳಗೆ ಹೋದೆವು. ಅಲ್ಲಿದ್ದವು ವಯಸ್ಸಾದ ನಾಯಿಗಳು, ಮುಪ್ಪಿನ ಅಧ್ಯಯನದವು. ಒಂದೊಂದು ಕೋಣೆಯಲ್ಲಿ ಎರಡೆರಡು. ಮಲಗಲು ಕಾಗದದ ಚೂರಿನ ಹಾಸು, ಹತ್ತಿ ಕೂರಲು ಒಂದು ಜಗಲಿ, ಮೆಲ್ಲಗೆ ಹಾಡುವ ರೇಡಿಯೊ. ಕಾರಿಡಾರಿನ ಕಡೆಗೆ ಗಾಜಿನ ಕಿಟಕಿ, ನಮ್ಮ ಎತ್ತರಕ್ಕಲ್ಲ, ನಾಯಿಯ ಎತ್ತರಕ್ಕೆ.

"ನಾಯಿಮನೆಯಲ್ಲಿ ಗಲಾಟೆ ಯಾಕೆ ಆಗುತ್ತದೆ ಗೊತ್ತೆ?" ಎಂದು ಹೆಲೆನ್ ಕೇಳಿದಳು. "ಹೆಜ್ಜೆ ಸದ್ದು ಕೇಳುತ್ತದೆ, ಬಂದವರು ಯಾರೆಂದು ಕಾಣುವುದಿಲ್ಲ. ಕಾಣಿಸಿಬಿಡಿ, ಅರ್ಧ ಗಲಾಟೆ ನಿಲ್ಲುತ್ತದೆ."

ನಾನು ಕಿಟಕಿಯ ಅಳತೆ ತೆಗೆದುಕೊಂಡೆ. ಕೊನೆಯ ಕೋಣೆಯಲ್ಲಿ ಇಬ್ಬರು ಮುದುಕಿಯರು. ಒಬ್ಬಳಿಗೆ ಎರಡೂ ಕಣ್ಣಿನಲ್ಲಿ ಪೊರೆ, ಏನೂ ಕಾಣದು. ಜೊತೆಗಾರ್ತಿ ನಮ್ಮನ್ನು ನೋಡಿ ಚಿಕ್ಕದಾಗಿ ಎರಡು ಸಲ ಬೊಗಳಿದಳು. ಕುರುಡಿ ತಕ್ಷಣ ಎದ್ದು, ಸದ್ದು ಬಂದ ಕಡೆ ತಿರುಗಿ, ಗೋಡೆಗೆ ತಾಗದೆ ನೇರ ಬಾಗಿಲಿಗೆ ಬಂದು ಬಾಲ ಆಡಿಸಿದಳು. ಊಟದ ಹೊತ್ತಿಗೆ ಮತ್ತೆ ಹಾಗೆಯೇ. ಒಬ್ಬಳು ಕರೆಯುವುದು, ಇನ್ನೊಬ್ಬಳು ಬರುವುದು. ಇಷ್ಟು ವರ್ಷದ ಕೆಲಸದಲ್ಲಿ ನಾಯಿಯ ಬೊಗಳಿಕೆಯನ್ನು ನಾನು ಸಾವಿರ ಸಲ ಬೈದಿದ್ದೆ, ಅದು ಇನ್ನೊಂದು ನಾಯಿಗೆ ಏನು ಹೇಳುತ್ತದೆ ಎಂದು ನಿಂತು ಕೇಳಿರಲಿಲ್ಲ.

ಮಧ್ಯಾಹ್ನ ಹೆಲೆನ್ ಹಳೆಯ ಫಿಲ್ಮೊಂದನ್ನು ತೋರಿಸಿದಳು. ಬೇರೆ ದೇಶದ್ದು, ಹಿಂದಿನ ಕಾಲದ್ದು. ಸಾಲುಸಾಲು ಕಟ್ಟಡ, ಸಾಲುಸಾಲು ಪಂಜರ, ವಿಕಿರಣ ಕೊಟ್ಟು ಸಾಯುವವರೆಗೆ ಇಟ್ಟ ಬೀಗಲ್‌ಗಳು. ಕೆಲಸದವನೊಬ್ಬ ಬಕೆಟ್ ಹಿಡಿದು ಬರುತ್ತಾನೆ. ನಾಯಿಗಳೆಲ್ಲ ಕಂಬಿಗೆ ಮುಂಗಾಲು ಕೊಟ್ಟು, ಕತ್ತು ಎತ್ತಿ ಬಾಯಿ ತೆರೆಯುತ್ತವೆ. ಸದ್ದೇ ಇಲ್ಲ. ನಮ್ಮ ಜೊತೆಯ ತರಬೇತಿಯವನೊಬ್ಬ ಎದ್ದು ಸ್ಪೀಕರಿನ ವೈರು ಅಲುಗಾಡಿಸಿದ.

"ಸ್ಪೀಕರ್ ಸರಿಯಾಗಿದೆ," ಎಂದಳು ಹೆಲೆನ್.

ಅಷ್ಟರಲ್ಲಿ ಬಕೆಟ್ ನೆಲಕ್ಕೆ ಕುಕ್ಕಿದ ಸದ್ದು ಠಣ್ಣನೆ ಕೇಳಿಸಿತು. ಬೂಟಿನ ಸದ್ದು ಕೇಳಿಸಿತು. ಕಿವಿಗೊಟ್ಟರೆ ನಾಯಿಗಳದ್ದೂ ಕೇಳಿಸಿತು, ಗಂಟಲು ಕಟ್ಟಿದ ಮುದುಕರು ದೂರದಲ್ಲಿ ಕೆಮ್ಮಿದ ಹಾಗೆ. ಗಲಾಟೆ ಆಗಬಾರದೆಂದು ಅಲ್ಲಿ ಎಲ್ಲವುಗಳ ಸ್ವರತಂತು ಕತ್ತರಿಸಿದ್ದರು.

ನನ್ನ ಪಕ್ಕ ಕೂತಿದ್ದ ಡೈರೆಕ್ಟರ್ ಏನನ್ನೋ ಬರೆದುಕೊಂಡರು.

ಗ್ರೀನ್‌ಫರ್ಡ್

ಅವರು ಏನು ಬರೆದುಕೊಂಡರು ಎಂಬುದು ಎರಡು ದಿನದ ಮೇಲೆ ಗ್ರೀನ್‌ಫರ್ಡ್‌ನಲ್ಲಿ ಗೊತ್ತಾಯಿತು. ಅದು ಪಶ್ಚಿಮ ಲಂಡನ್ನಿನ ಗೋದಾಮುಗಳ ಪ್ರದೇಶ. ಒಂದು ಸಾಲು ಮನೆ, ಒಂದು ಸಾಲು ತಗಡಿನ ಶೆಡ್ಡು, ಲಾರಿಗಳ ಸಾಲು. ಪ್ರಾಣಿಗಳ ಪಂಜರ ಮಾರುವ ಒಂದು ಅಂಗಡಿಗೆ ಡೈರೆಕ್ಟರ್ ನನ್ನನ್ನು ಕರೆದೊಯ್ದರು. ಹಾದಿಯಲ್ಲಿ ಬಸ್ಸು ತಪ್ಪಿತು, ಮಳೆ ಹಿಡಿಯಿತು, ನನ್ನ ಕೊಡೆ ಗಾಳಿಗೆ ಮಗುಚಿ ಕಡ್ಡಿ ಮುರಿಯಿತು. ಒದ್ದೆ ಸೀರೆಯಲ್ಲೇ ಒಳಗೆ ಹೋದೆ.

ಅಂಗಡಿಯವನು ಟೈ ಕಟ್ಟಿದ ನಡುವಯಸ್ಸಿನ ಮನುಷ್ಯ. ಜೋಡಿ ನಾಯಿಗೆ ಬೇಕಾದ ಅಗಲ ಕೋಣೆಗಳ ಚಿತ್ರ ತೆಗೆದು ಹರಡಿದ. ಡೈರೆಕ್ಟರ್ ಅದನ್ನು ಪಕ್ಕಕ್ಕೆ ಸರಿಸಿ, ಮೂಲೆಯಲ್ಲಿದ್ದ ಉಕ್ಕಿನ ಪಂಜರಗಳನ್ನು ತೋರಿಸಿದರು. ಒಂದರ ಮೇಲೊಂದು ಕೂರುವಂಥವು. ಒಂದಕ್ಕೆ ಒಂದೇ ನಾಯಿ.

"ಇದರಲ್ಲಿ ಇಟ್ಟರೆ ತುಂಬಾ ಬೊಗಳುತ್ತವೆ, ಸರ್," ಎಂದ ಅಂಗಡಿಯವ. "ಒಂಟಿ ನಾಯಿ ಸುಮ್ಮನಿರುವುದಿಲ್ಲ."

"ಅದರ ಚಿಂತೆ ಬೇಡ," ಎಂದು ಡೈರೆಕ್ಟರ್ ನನ್ನ ಕಡೆ ಕೈ ತೋರಿಸಿದರು. "ನಮ್ಮ ಸರ್ಜನ್ ಇವರೇ. ಮರಿ ಇರುವಾಗಲೇ ಧ್ವನಿ ತೆಗೆದುಬಿಡುತ್ತಾರೆ. ಹತ್ತು ನಿಮಿಷದ ಕೆಲಸ."

ಅಂಗಡಿಯವನ ಮುಖದ ನಗು ಹೋಯಿತು. "ಇಲ್ಲಿ ಹಾಗೆ ಮಾಡುವಂತಿಲ್ಲ, ಸರ್," ಎಂದ.

"ನಮ್ಮಲ್ಲಿ ಯಾರು ಕೇಳ್ತಾರೆ?" ಎಂದು ಡೈರೆಕ್ಟರ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿ ನಕ್ಕರು.

ವಿಷಯ ನನಗೀಗ ಪೂರ್ತಿ ಅರ್ಥವಾಯಿತು. ನಮ್ಮ ಸಂಸ್ಥೆಯ ಗೋಡೆಗೆ ಹೊಂದಿಕೊಂಡು ಹೊಸ ಅಪಾರ್ಟ್‌ಮೆಂಟ್ ಎದ್ದಿದೆ. ಯೋಜನೆಗೆಂದು ಆಗಲೇ ತಂದಿಟ್ಟಿರುವ ತಾಯಿನಾಯಿಗಳು ಬೊಗಳುತ್ತವೆ ಎಂದು ಅಲ್ಲಿನವರು ದೂರು ಕೊಟ್ಟಿದ್ದರು. ಅದಕ್ಕೆ ಪರಿಹಾರ ಹುಡುಕಲು ನನ್ನನ್ನು ಲಂಡನ್ನಿಗೆ ಕರೆತಂದಿದ್ದಾರೆ ಎಂದು ನಾನು ಕಿಟಕಿಯ ಅಳತೆ, ಜಗಲಿಯ ಎತ್ತರ ಎಲ್ಲ ಬರೆದುಕೊಳ್ಳುತ್ತಿದ್ದೆ. ಪರಿಹಾರ ಅವರ ತಲೆಯಲ್ಲಿ ಮೊದಲೇ ಸಿದ್ಧವಾಗಿತ್ತು. ಆ ಫಿಲ್ಮನ್ನು ತೋರಿಸಿದ್ದು ಹೀಗೆ ಮಾಡಬೇಡಿ ಎಂದು ಹೇಳಲು. ಇವರು ಅದನ್ನು ಹೀಗೂ ಮಾಡಬಹುದು ಎಂದು ಓದಿಕೊಂಡಿದ್ದರು.

"ಸರ್, ಇದನ್ನ ನನಗ ಮೊದಲ ಹೇಳಬೇಕಾಗಿತ್ತು," ಎಂದೆ.

"ಈಗ ಹೇಳಿದೆನಲ್ಲ," ಎಂದರು, ಅದೇ ಮೆತ್ತಗಿನ ದನಿಯಲ್ಲಿ.

ಕೆಂಟನ್

ಭಾನುವಾರ ಡೈರೆಕ್ಟರ್ ಇದ್ದ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಹೋಗುವ ಮನಸ್ಸಿರಲಿಲ್ಲ. ಆದರೆ ಅವರ ನಾದಿನಿ ಮೀರಾ ತಾವೇ ಫೋನ್ ಮಾಡಿ, "ನೀವು ಬರಲೇಬೇಕು, ಬಿಸಿಬೇಳೆಭಾತ್ ಮಾಡ್ತಿದೀನಿ," ಎಂದಿದ್ದರು. ಕೆಂಟನ್‌ನ ಮನೆಗಳೆಲ್ಲ ಒಂದೇ ಅಚ್ಚಿನವು. ನಾನು ಮೊದಲು ಒಬ್ಬ ಗುಜರಾತಿ ಅಜ್ಜಿಯ ಮನೆಯ ಬೆಲ್ ಒತ್ತಿ, ಆಕೆ ಕೊಟ್ಟ ನೀರು ಕುಡಿದು, ಆಮೇಲೆ ಸರಿಯಾದ ಬಾಗಿಲಿಗೆ ಹೋದೆ.

ಬೆಲ್ ಒತ್ತಿದ ಕೂಡಲೇ ಒಳಗಿನಿಂದ ನಾಯಿ ಬೊಗಳಿತು. ಮನೆಯವರ ನಾಯಿ, ಗುಂಗುರು ಕೂದಲಿನದ್ದು, ಹೆಸರು ಬಿಸ್ಕಿಟ್. ಡೈರೆಕ್ಟರ್ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಊಟಕ್ಕೆ ಕೂತಾಗ ಪಾರ್ಸೆಲ್ ತರುವವನು ಬಂದ. ಬಿಸ್ಕಿಟ್ ಇವರ ತೊಡೆಯಿಂದ ಹಾರಿ ಮನೆ ಹಾರಿಹೋಗುವ ಹಾಗೆ ಬೊಗಳಿತು.

"ನೋಡಿ, ಎಷ್ಟು ಚುರುಕು!" ಎಂದು ಡೈರೆಕ್ಟರ್ ಚಪ್ಪಾಳೆ ತಟ್ಟಿ ನಕ್ಕರು. "ಏನು ಮಾತಾಡ್ತಾನೆ ಇವನು! ಬಿಸ್ಕಿಟ್ ಇಲ್ಲದಿದ್ರೆ ಈ ಮನೆ ಮನೆಯೇ ಅಲ್ಲ."

ನಾನು ತಟ್ಟೆ ಕೆಳಗಿಟ್ಟೆ.

"ಇವಂದೂ ಕತ್ತರಿಸಲೇನ್ರೀ ಸರ್?" ಎಂದೆ. "ಹತ್ತ ನಿಮಿಷದ ಕೆಲಸ ಅದ."

ಮೀರಾ ಸೌಟು ಹಿಡಿದು ನಿಂತರು. "ಏನನ್ನ ಕತ್ತರಿಸೋದು?"

"ಏನಿಲ್ಲ, ಆಫೀಸಿನ ವಿಷಯ," ಎಂದರು ಡೈರೆಕ್ಟರ್.

"ಆಫೀಸಿನ ವಿಷಯ ಅಲ್ರೀ. ಗಂಟಲಿನ ವಿಷಯ." ನನ್ನ ದನಿ ಏರಿತ್ತು, ತಡೆಯುವ ಇರಾದೆಯೂ ನನಗಿರಲಿಲ್ಲ. "ನಮ್ಮಲ್ಲಿ ಹುಟ್ಟೋ ಮರಿಗಳದ್ದೆಲ್ಲ ದನಿ ತೆಗೀರಿ ಅಂತಾರ ನಿಮ್ಮ ಭಾವ. ಆಮ್ಯಾಲೆ ಒಂದೊಂದನ್ನ ಒಂದೊಂದು ಉಕ್ಕಿನ ಡಬ್ಬಿಯೊಳಗ ಇಟ್ಟು ಸಾಯೂತನಕ ನೋಡೋದು. ನಾಯಿಗೆ ನೋವಾದ್ರ ಹೇಳ್ಲಿಕ್ಕೆ ಇರೋದು ಅದೊಂದು ದಾರಿ. ಅದನ್ನೂ ಮುಚ್ರಿ ಅಂತಾರ."

ಮೀರಾ ಅವರ ಕಾಲೇಜು ಓದುವ ಮಗಳು ಅಲ್ಲಿಯವರೆಗೆ ಮೊಬೈಲಿನಲ್ಲಿ ಮುಳುಗಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಲೆ ಎತ್ತಿ ದೊಡ್ಡಪ್ಪನನ್ನು ನೋಡಿದಳು.

"ಯು ಆರ್ ಡೂಯಿಂಗ್ ವಾಟ್?"

ಡೈರೆಕ್ಟರ್ ನನ್ನನ್ನು ಹಿತ್ತಲಿಗೆ ಕರೆದರು. ಅಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ನಿಂತು, ಮೊದಲ ಬಾರಿಗೆ, ಹಲ್ಲು ಕಚ್ಚಿ ಮಾತಾಡಿದರು.

"ಕೇಳಿಸ್ಕೊಳ್ಳಿ ಮೇಡಂ. ನೀವು ಮಾಡದಿದ್ರೆ ಮಾಡುವವರು ಹತ್ತು ಜನ ಇದ್ದಾರೆ. ಹೊಸದಾಗಿ ಪಾಸಾದ ಒಬ್ಬರನ್ನು ತಂದು ಮಾಡಿಸ್ತೀನಿ. ಅವರ ಕೈ ನಿಮ್ಮ ಕೈಯಷ್ಟು ಪಳಗಿರಲ್ಲ. ನಾಯಿಗಳಿಗೆ ಒಳ್ಳೇದು ಬೇಕು ಅಂದ್ರೆ ನೀವೇ ಮಾಡಿ."

ನನ್ನ ಕೈಯ ನಯವನ್ನೇ ನನ್ನ ಕತ್ತಿಗೆ ಹಗ್ಗ ಮಾಡಿದ್ದರು. ಮೀರಾ ಬಾಗಿಲಲ್ಲಿ ನನ್ನ ಕೋಟು ಕೊಡುವಾಗ ಕಣ್ಣು ತಪ್ಪಿಸಿದರು. ಭಾತ್‌ನ ಡಬ್ಬಿ ಮಾತ್ರ ಕೈಗಿಟ್ಟರು.

ಮತ್ತೆ ಈಸ್ಟ್ ಹ್ಯಾಮ್

ಫಿಲೋಮಿನಾ ಅಕ್ಕನಿಗೆ ಅವತ್ತು ಎಲ್ಲವನ್ನೂ ಹೇಳಿದೆ, ವಿಕಿರಣದ್ದೂ ಸೇರಿ. ಅವರು ಮೀರಾ ಕೊಟ್ಟ ಭಾತ್ ಬಿಸಿ ಮಾಡುತ್ತಾ ಕೇಳಿಸಿಕೊಂಡರು.

"ವಿಕಿರಣ ಅಂದ್ರೆ ಕರೆಂಟು ಕೊಡುದಾ?"

"ಹೌದ್ರೀ ಅಕ್ಕಾರ, ಅದೇ."

"ನನಗೂ ಕೊಟ್ಟಿದ್ದಾರೆ. ಎದೆಯಲ್ಲಿ ಗಂಟು ಇತ್ತಲ್ಲ, ಆಗ. ಇಲ್ಲಿಯ ಆಸ್ಪತ್ರೆಯಲ್ಲೇ." ಒಲೆ ಆರಿಸಿದರು. "ಎಷ್ಟು ಕೊಟ್ರೆ ಮನುಷ್ಯ ಸಾಯುದಿಲ್ಲ ಅಂತ ಅವರಿಗೆ ಗೊತ್ತಾದದ್ದು ನಾಯಿಗೆ ಕೊಟ್ಟು ನೋಡಿಯಾ?"

"ನಾಯಿಗೂ ಕೊಟ್ಟು ನೋಡ್ಯಾರ."

ಅವರು ಕಪಾಟಿನಿಂದ ತಟ್ಟೆ ತೆಗೆದರು. ಆಮೇಲೆ ಕೇಳಿದ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ.

"ಕರೆಂಟು ಕೊಡುದು ನೀವೇ ಅಲ್ವಾ? ಅದಕ್ಕೆ ಗಡ್ಡೆ ಬರುದನ್ನು ನೋಡ್ಲಿಕ್ಕೆ ಕೂರುದು ನೀವೇ. ಅದೆಲ್ಲ ಆಗ್ತದೆ, ಸ್ವರ ತೆಗೀಲಿಕ್ಕೆ ಮಾತ್ರ ಆಗುದಿಲ್ವಾ? ಇದೆಂತ ಲೆಕ್ಕ ಡಾಕ್ಟ್ರೇ?"

ನನಗೆ ಅವರ ಮೇಲೂ ಸಿಟ್ಟು ಬಂತು. ಉತ್ತರ ಇಲ್ಲದಾಗ ಬರುವ ಸಿಟ್ಟು. ವಿಜ್ಞಾನ, ಮನುಷ್ಯರಿಗೆ ಉಪಯೋಗ, ಕಡಿಮೆ ನೋವು ಎಂದು ತರಗತಿಯಲ್ಲಿ ಹೇಳುವುದನ್ನೆಲ್ಲ ಹೇಳಿದೆ. ಹೇಳುತ್ತಾ ಹೋದಷ್ಟೂ ನನ್ನ ಮಾತು ಡೈರೆಕ್ಟರರ ಮಾತಿನಂತೆಯೇ ಮೆತ್ತಗಾಗುತ್ತಿರುವುದು ನನಗೇ ಕೇಳಿಸಿತು. ನಿಲ್ಲಿಸಿದೆ.

"ಗೊತ್ತಿಲ್ರೀ ಅಕ್ಕಾರ," ಎಂದೆ. "ಒಂದು ಮಾಡ್ತೀನಿ, ಒಂದು ಮಾಡಂಗಿಲ್ಲ. ಎಲ್ಲಿ ಗೆರಿ ಹಾಕೋದು ನನಗೂ ಗೊತ್ತಿಲ್ಲ. ಆದ್ರ ಇದನ್ನ ಮಾಡಂಗಿಲ್ಲ."

ಅವರು ತಟ್ಟೆಗೆ ಬಡಿಸಿ ನನ್ನ ಮುಂದೆ ನೂಕಿದರು. "ನನಗೆ ನಾಯಿ ಕಂಡ್ರೆ ಆಗುದಿಲ್ಲ. ಆದ್ರೂ ನನಗಾಗಿ ಅದು ಅಷ್ಟೆಲ್ಲ ತಿಂತದೆ ಅಂತಾದ್ರೆ, ಅದಕ್ಕೆ ಬಾಯಿ ಆದ್ರೂ ಬಿಡಿ ಮಾರಾಯ್ತಿ."

ಕೊನೆಯ ದಿನ

ತರಬೇತಿಯ ಕೊನೆಗೆ ಪ್ರತಿಯೊಬ್ಬರೂ ತಮ್ಮ ನಾಯಿಮನೆಯ ನಕ್ಷೆ ತೋರಿಸಿ ವಿವರಿಸಬೇಕು. ಕೇಳಲು ಹೆಲೆನ್ ಇದ್ದಳು, ಜೊತೆಗೆ ಪಾಲುದಾರಿಕೆಗೆ ಒಪ್ಪಿಗೆ ಕೊಡಬೇಕಾದ ಬಿಳಿಗಡ್ಡದ ಪ್ರೊಫೆಸರ್. ಡೈರೆಕ್ಟರ್ ಮೊದಲ ಸಾಲಿನಲ್ಲಿ ಕೂತಿದ್ದರು. ಬೆಳಿಗ್ಗೆ ನನಗೆ ಒಂದೇ ಮಾತು ಹೇಳಿದ್ದರು: "ಗಲಾಟೆಯ ಬಗ್ಗೆ ಕೇಳಿದ್ರೆ ಸದ್ದು ಹೀರುವ ಗೋಡೆ ಹಾಕ್ತೀವಿ ಅನ್ನಿ. ಸಾಕು."

ನಾನು ಜೋಡಿ ಕೋಣೆಗಳ ನಕ್ಷೆ ತೋರಿಸಿದೆ. ತಗ್ಗಿನ ಕಿಟಕಿ, ಜಗಲಿ, ತಾಯಿ ಮತ್ತು ಮರಿಗಳಿಗೆ ಬೇರೆ ಕೋಣೆ. ಎಲ್ಲರೂ ತಲೆದೂಗಿದರು. ಹೆಲೆನ್ ಕೇಳಿದಳು, "ಪಕ್ಕದಲ್ಲೇ ಮನೆಗಳಿವೆ ಎಂದಿರಿ. ಸದ್ದನ್ನು ಹೇಗೆ ನಿಭಾಯಿಸುತ್ತೀರಿ?"

ಡೈರೆಕ್ಟರ್ ನನ್ನನ್ನು ನೋಡಿದರು. ನನ್ನ ಇಂಗ್ಲಿಷ್ ಅಷ್ಟು ನುಣುಪಿಲ್ಲ, ಸಿಟ್ಟಿನಲ್ಲಂತೂ ತೊದಲುತ್ತೇನೆ. ತೊದಲುತ್ತಲೇ ಹೇಳಿದೆ. "ಇದು ನಾನು ಕಟ್ಟಬೇಕೆಂದಿರುವ ಮನೆ. ನಮ್ಮ ಸಂಸ್ಥೆ ಕಟ್ಟುವುದು ಇದನ್ನಲ್ಲ. ಒಂಟಿ ಪಂಜರ ತರುತ್ತಾರೆ. ಮರಿಗಳ ಸ್ವರತಂತು ಕತ್ತರಿಸುತ್ತಾರೆ. ಕತ್ತರಿಸಬೇಕಾದವಳು ನಾನು. ನಾನು ಕತ್ತರಿಸುವುದಿಲ್ಲ."

ಹೆಲೆನ್ ಮುಖ ಕೆಂಪಾಗಿ ಪ್ರೊಫೆಸರರ ಕಡೆ ತಿರುಗಿದಳು. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಇದು ಕಳವಳಕಾರಿ," ಎಂದರು. "ಆದರೆ ಅಂತಿಮವಾಗಿ ಅದು ನಿಮ್ಮ ದೇಶದ ನಿಯಮಗಳಿಗೆ ಬಿಟ್ಟ ವಿಷಯ."

ಡೈರೆಕ್ಟರ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನನಗೆ ಆಗ ಬಂದ ಸಿಟ್ಟು ಡೈರೆಕ್ಟರ್ ಮೇಲೆ ಬಂದದ್ದಕ್ಕಿಂತ ದೊಡ್ಡದು. ಇಲ್ಲಿ ಮಾಡಬಾರದ್ದನ್ನು ನಮ್ಮಲ್ಲಿ ಮಾಡಿಸಿ, ಫಲವನ್ನು ಇಲ್ಲಿ ಕೂತು ಓದುತ್ತಾರೆ. ರೈಲಿನಲ್ಲಿ ನಾಯಿಗೆ ಸ್ವೆಟರು.

"ಸರಿ," ಎಂದೆ. "ನೋವಿನ ಮಾತು ಬಿಡಿ. ಗಂಟಲು ಕತ್ತರಿಸಿದ ನಾಯಿಗೆ ಗಾಯ ಒಣಗಿ ಉಸಿರಿನ ದಾರಿ ಕಿರಿದಾಗಬಹುದು. ಅದು ಜೀವನಪೂರ್ತಿ ಕೆಮ್ಮಬಹುದು. ವಿಕಿರಣ ಕೊಟ್ಟ ನಾಯಿಯ ಎದೆಯಲ್ಲಿ ಗಡ್ಡೆ ಬೆಳೆದರೂ ನಮಗೆ ಮೊದಲು ಕೇಳಿಸುವುದು ಕೆಮ್ಮು. ಯಾವ ಕೆಮ್ಮು ಯಾವುದರದ್ದು ಎಂದು ನೀವು ಹೇಗೆ ಬೇರ್ಪಡಿಸುತ್ತೀರಿ?"

ಪ್ರೊಫೆಸರ್ ಕನ್ನಡಕ ಹಾಕಿಕೊಂಡರು. ಪೆನ್ನು ತೆಗೆದರು. ನೋವು ಎಂದಾಗ ಮೇಜಿನ ಮೇಲೇ ಮಲಗಿದ್ದ ಆ ಪೆನ್ನು, ಫಲಿತಾಂಶ ಕೆಡುತ್ತದೆ ಎಂದಾಗ ಓಡತೊಡಗಿತು.

"ಇದು ಗಂಭೀರ," ಎಂದರು. "ಹಾಗೆ ಮಾಡಿದ ನಾಯಿಗಳ ಮಾಹಿತಿಯನ್ನು ನಾವು ಸ್ವೀಕರಿಸಲು ಸಾಧ್ಯವಿಲ್ಲ. ಒಂಟಿಯಾಗಿಟ್ಟರೂ ಕಷ್ಟ, ಒತ್ತಡದಿಂದಲೇ ಬೇಗ ಮುದಿಯಾಗುತ್ತವೆ." ಡೈರೆಕ್ಟರ್ ಕಡೆ ತಿರುಗಿ ನಯವಾಗಿ ಕೇಳಿದರು, "ನೀವು ಈ ನಕ್ಷೆಯಂತೆಯೇ ಕಟ್ಟುವುದಾದರೆ ಮುಂದುವರಿಯೋಣವೇ?"

ಡೈರೆಕ್ಟರ್ ಎದ್ದು ನಿಂತು, ತಮ್ಮ ಎಂದಿನ ಮೆತ್ತಗಿನ ದನಿಯಲ್ಲಿ, ಎಲ್ಲವೂ ಭಾಷೆಯ ತೊಡಕಿನಿಂದಾದ ಗೊಂದಲ, ಈ ನಕ್ಷೆಯೇ ನಮ್ಮ ಸಂಸ್ಥೆಯದ್ದು ಎಂದರು.

ಗೆದ್ದೆ ಅನ್ನಬೇಕೋ ಏನೋ. ಹೊರಗೆ ಬಂದು ಗಾರ್ಡನ್ ಸೆಂಟರಿನ ಹೂಕುಂಡಗಳ ನಡುವೆ ನಿಂತೆ. ಹೆಲೆನ್ ಹಿಂದೆಯೇ ಓಡಿಬಂದಳು. "ಆ ಮಾತನ್ನು ನಾನು ಹೇಳಬೇಕಿತ್ತು," ಎಂದಳು. ಹೌದು, ಹೇಳಬೇಕಿತ್ತು ಎಂದೆ. ಸಮಾಧಾನ ಮಾಡುವ ಮನಸ್ಸಾಗಲಿಲ್ಲ.

ಮರಳಿ ಬೆಂಗಳೂರು

ವಿಮಾನದಲ್ಲಿ ಡೈರೆಕ್ಟರ್ ತಮ್ಮ ಸೀಟು ಬದಲಿಸಿಕೊಂಡರು. ಬಂದ ತಿಂಗಳೊಳಗೆ ನನ್ನನ್ನು ಕೋಳಿಗಳ ಲಸಿಕೆ ವಿಭಾಗಕ್ಕೆ ಹಾಕಿದರು. ನಾಯಿಮನೆಯ ಗೇಟಿನಲ್ಲಿ ನನ್ನ ಕಾರ್ಡು ಈಗ ಕೆಲಸ ಮಾಡುವುದಿಲ್ಲ. ನನ್ನ ಜಾಗಕ್ಕೆ ಬಂದ ಯುವಕನನ್ನು ಒಂದು ದಿನ ಕ್ಯಾಂಟೀನಿನಲ್ಲಿ ಹಿಡಿದು ಕೇಳಿದೆ. ಕೋಣೆಗಳು ನಕ್ಷೆಯಂತೆಯೇ ಎದ್ದಿವೆ, ಕಿಟಕಿ ತಗ್ಗಿನಲ್ಲೇ ಇದೆ ಎಂದ. ಮೊದಲ ಮರಿಗಳು ಕಣ್ಣು ಬಿಟ್ಟಿವೆಯಂತೆ. ಅವುಗಳಿಗೆ ವಿಕಿರಣ ಕೊಡುವ ದಿನ ಹತ್ತಿರ ಬಂದಿದೆ. ಅದನ್ನು ನಿಲ್ಲಿಸಲು ನಾನು ಏನೂ ಮಾಡಿಲ್ಲ.

ಅಪಾರ್ಟ್‌ಮೆಂಟಿನವರು ಮತ್ತೆ ದೂರು ಕೊಟ್ಟಿದ್ದಾರೆ. ಅವರ ಸಂಘದ ಹೆಂಗಸೊಬ್ಬರು ಮೊನ್ನೆ ಬಸ್‌ಸ್ಟಾಪಿನಲ್ಲಿ ನನ್ನ ಕೊರಳಿನ ಕಾರ್ಡು ನೋಡಿ ತಡೆದು ನಿಲ್ಲಿಸಿದರು. "ನೀವು ಇದೇ ಸಂಸ್ಥೆಯವರಲ್ಲವಾ? ಬೆಳಗಾದ್ರೆ ಒಂದೇ ಸಮ ಬೊಗಳ್ತವೆ. ಏನಾದ್ರೂ ಮಾಡಬಾರದಾ?"

ಗೋಡೆಯಾಚೆ ಆಗ ಒಂದು ಶುರುಮಾಡಿತು. ಅದರ ಹಿಂದೆ ಇನ್ನೊಂದು. ಎಳೆಯ ದನಿಗಳೂ ಸೇರಿಕೊಂಡವು.

"ಬೊಗಳ್ಲಿ ಬಿಡ್ರಿ," ಎಂದು ನಾನು ಬಸ್ಸು ಹತ್ತಿದೆ.